ಕಾರಣವೇ ಇಲ್ಲದ ಬಡತನ

ಚುನಾವಣಾ ಪ್ರಚಾರದ ಭಾಷಣಗಳನ್ನು, ಅವು ಯಾವ ಪಕ್ಷದವು, ಯಾವ ದೇಶದವು ಎನ್ನದೆ, ಓದುವ ಮತ್ತು ಕೇಳುವ ಹುಚ್ಚು ನನಗೆ ಬಹಳ ಕಾಲದಿಂದ ಇದೆ. ಅವುಗಳಲ್ಲಿ ಬಡತನದ ಪ್ರಸ್ತಾಪ ಬಂದಾಗಲೆಲ್ಲ ನಾನು ಹುಡುಕುವುದು ಒಂದೇ ಸಂಗತಿಯನ್ನು: ಈ ಬಡತನ ಎಲ್ಲಿಂದ ಬಂತು ಎಂದು ಭಾಷಣಕಾರರು ಹೇಳುತ್ತಾರೆಯೇ? ಬಹುಮಟ್ಟಿಗೆ ಹೇಳುವುದಿಲ್ಲ. ಬಡವರ ಕಣ್ಣೀರಿನ ವರ್ಣನೆ ಇರುತ್ತದೆ, ಅದನ್ನು ಒರೆಸಲು ಹೊರಟ ನಾಯಕರ ವರ್ಣನೆ ಅದಕ್ಕಿಂತ ವಿಸ್ತಾರವಾಗಿ ಇರುತ್ತದೆ. ಆದರೆ ಕೂಲಿ ಕಡಿಮೆ ಕೊಟ್ಟವರು, ಬಡ್ಡಿ ಹೇರಿದವರು, ಭೂಮಿಯನ್ನು ಕೈಯಲ್ಲಿ ಹಿಡಿದಿಟ್ಟುಕೊಂಡವರು ಆ ಚಿತ್ರದಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಬಡತನವೆಂಬುದು ಅಕಾಲದ ಆಲಿಕಲ್ಲು ಮಳೆಯಂತೆ ಯಾರ ಕೈವಾಡವೂ ಇಲ್ಲದೆ ಮೇಲಿನಿಂದ ಸುರಿದದ್ದು ಎಂಬ ಭಾವನೆ ಕೇಳುಗರಲ್ಲಿ ಉಳಿಯುತ್ತದೆ.

ಭಾರತದಲ್ಲಿ ಈ ವಿಷಯ ಎತ್ತಿದರೆ 1971ರ ಲೋಕಸಭಾ ಚುನಾವಣೆಯಿಂದಲೇ ಆರಂಭಿಸಬೇಕಾಗುತ್ತದೆ. ವಿರೋಧ ಪಕ್ಷಗಳ ಮಹಾಮೈತ್ರಿಕೂಟದ ಗುರಿ ಇಂದಿರಾ ಗಾಂಧಿಯವರನ್ನು ಕೆಳಗಿಳಿಸುವುದಾಗಿತ್ತು. ಅವರು ಅದನ್ನೇ ತಿರುಗಿಸಿ, ‘ಅವರು ಇಂದಿರಾ ಹಟಾವೋ ಎನ್ನುತ್ತಾರೆ, ನಾನು ಗರೀಬಿ ಹಟಾವೋ ಎನ್ನುತ್ತೇನೆ’ ಎಂದು ಊರೂರು ತಿರುಗಿದರು. 518 ಸ್ಥಾನಗಳ ಪೈಕಿ 352 ಅವರ ಪಕ್ಷಕ್ಕೆ ಬಂದವು. ಆ ಪ್ರಚಾರಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು: 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು, ಮಾಜಿ ರಾಜರ ರಾಜಧನವನ್ನು ರದ್ದು ಮಾಡುವ ಪ್ರಯತ್ನ ನಡೆದಿತ್ತು, ಹಾಗಾಗಿ ಹಣ ಯಾರ ಬಳಿ ಕೂಡಿಬಿದ್ದಿದೆ ಎಂಬ ಮಾತು ಭಾಷಣದ ಹಿನ್ನೆಲೆಯಲ್ಲಾದರೂ ಇತ್ತು. ಆದರೆ ಘೋಷಣೆ ಎಷ್ಟು ಚೊಕ್ಕವಾಗಿತ್ತೆಂದರೆ ಹಿನ್ನೆಲೆಯನ್ನು ಅದೇ ನುಂಗಿಹಾಕಿತು. ಎಷ್ಟು ಬಡತನವನ್ನು, ಎಷ್ಟು ವರ್ಷಗಳಲ್ಲಿ, ಯಾವ ಅಳತೆಗೋಲಿನ ಪ್ರಕಾರ ತೊಲಗಿಸುತ್ತೇವೆ ಎಂಬುದು ಅದರಲ್ಲಿ ಇರಲಿಲ್ಲ. ಯೋಜನಾ ಆಯೋಗದ ಅಂದಾಜಿನಂತೆ 1973-74ರಲ್ಲಿ ಜನಸಂಖ್ಯೆಯ ಶೇಕಡಾ 54.9ರಷ್ಟು ಮಂದಿ ಬಡತನದ ರೇಖೆಯ ಕೆಳಗಿದ್ದರು. 1977-78ರಲ್ಲಿ ಆ ಪ್ರಮಾಣ ಶೇಕಡಾ 51.3. ಇದು ಗೆಲುವೋ ಸೋಲೋ ಎಂಬುದನ್ನು ಘೋಷಣೆಯ ಆಧಾರದ ಮೇಲೆ ತೀರ್ಮಾನಿಸಲು ಸಾಧ್ಯವೇ ಇಲ್ಲ, ಮತ್ತು ಅದರ ಅನುಕೂಲ ಘೋಷಣೆ ಕೂಗಿದವರಿಗೂ ಅದನ್ನು ಗೇಲಿ ಮಾಡಿದವರಿಗೂ ಸಮವಾಗಿಯೇ ದೊರೆಯಿತು.

ಲೆಕ್ಕ ಕೇಳಬಹುದಾದ ಮಾತುಗಳೂ ಚರಿತ್ರೆಯಲ್ಲಿ ಇಲ್ಲದಿಲ್ಲ. ಬ್ರೆಜಿಲ್‌ನಲ್ಲಿ 2002ರ ಚುನಾವಣೆ ಗೆದ್ದ ಲೂಲಾ, ತಮ್ಮ ಅವಧಿ ಮುಗಿಯುವ ಹೊತ್ತಿಗೆ ದೇಶದ ಪ್ರತಿಯೊಬ್ಬರಿಗೂ ದಿನಕ್ಕೆ ಮೂರು ಹೊತ್ತಿನ ಊಟ ಸಿಗುವಂತಾದರೆ ತಮ್ಮ ಬದುಕಿನ ಕೆಲಸ ಮುಗಿದಂತೆ ಎಂದಿದ್ದರು. ಮೂರು ಹೊತ್ತು ಎಂದರೆ ಮೂರು ಹೊತ್ತು. ಎಣಿಸಬಹುದು, ಎರಡೇ ಆದರೆ ಹಿಡಿದು ಕೇಳಬಹುದು. ಅಮೆರಿಕದ ಜಾನ್ ಕೆನಡಿ 1960ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದ ಗಣಿ ಪ್ರದೇಶಗಳಲ್ಲಿ ಪ್ರಚಾರಕ್ಕೆ ಹೋಗಿ, ಕೆಲಸ ಕಳೆದುಕೊಂಡ ಕಾರ್ಮಿಕರ ಹಸಿವನ್ನು ಕಣ್ಣಾರೆ ಕಂಡು ಅದನ್ನು ಭಾಷಣದ ವಿಷಯವಾಗಿಸಿದರು. ಅಧ್ಯಕ್ಷರಾದ ಮೇಲೆ ಅವರು ಹೊರಡಿಸಿದ ಮೊದಲ ಕಾರ್ಯಾದೇಶವೇ ಬಡ ಕುಟುಂಬಗಳಿಗೆ ಆಹಾರ ವಿತರಣೆಯನ್ನು ಹೆಚ್ಚಿಸುವುದಾಗಿತ್ತು. 1961ರ ಮೇ ತಿಂಗಳಲ್ಲಿ ಪ್ರಾಯೋಗಿಕ ಆಹಾರ ಕೂಪನ್ನುಗಳು ಮೊದಲು ಕೈಸೇರಿದ್ದು ಅದೇ ರಾಜ್ಯದ ಮ್ಯಾಕ್‌ಡೊವೆಲ್ ಕೌಂಟಿಯ ಜನರಿಗೆ. ಕಾರಣದ ಮಾತು ಅಲ್ಲಿಯೂ ಅಷ್ಟಕ್ಕಷ್ಟೇ, ಆದರೆ ಆಡಿದ ಮಾತಿಗೂ ಮಾಡಿದ ಕೆಲಸಕ್ಕೂ ನಡುವಿನ ದೂರವನ್ನು ಅಳೆಯಲು ಸಾಧ್ಯವಿತ್ತು.

ಕಾರಣವನ್ನು ಹೇಳದ ಭಾಷಣಕ್ಕಿಂತ ಅಪಾಯಕಾರಿಯಾದದ್ದು ಬಡವರನ್ನೇ ಕಾರಣವಾಗಿಸುವ ಭಾಷಣ. 1976ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿತನಕ್ಕಾಗಿ ಸ್ಪರ್ಧಿಸಿದ್ದ ರೊನಾಲ್ಡ್ ರೇಗನ್ ಸಭೆಯಿಂದ ಸಭೆಗೆ ಶಿಕಾಗೋದ ಒಬ್ಬ ಮಹಿಳೆಯ ಕಥೆಯನ್ನು ಹೇಳುತ್ತಿದ್ದರು. ಆಕೆಗೆ 80 ಹೆಸರುಗಳು, 30 ವಿಳಾಸಗಳು, ವರ್ಷಕ್ಕೆ ತೆರಿಗೆಯಿಲ್ಲದ 1,50,000 ಡಾಲರ್ ವರಮಾನ ಎಂಬುದು ಆ ಕಥೆ. ನ್ಯಾಯಾಲಯದಲ್ಲಿ ಆಕೆಯ ಮೇಲೆ ಹೊರಿಸಲಾದದ್ದು ಸುಮಾರು 8,000 ಡಾಲರ್ ವಂಚನೆಯ ಆರೋಪ. ವಂಚನೆ ಸುಳ್ಳಲ್ಲ, ಶಿಕ್ಷೆಯೂ ಆಯಿತು; ಆದರೆ ಒಬ್ಬ ವಂಚಕಿಯ ಕಥೆ ಕೇಳಿದವರು ಸಹಾಯಧನ ಪಡೆಯುತ್ತಿದ್ದ ಲಕ್ಷಾಂತರ ತಾಯಂದಿರನ್ನು ಅನುಮಾನದಿಂದ ನೋಡತೊಡಗಿದರು.

ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ 2012ರ ಅಕ್ಟೋಬರ್‌ನಲ್ಲಿ ತಮ್ಮ ಪಕ್ಷದ ಸಮಾವೇಶದಲ್ಲಿ ಕಟ್ಟಿದ ಚಿತ್ರ ಇದಕ್ಕಿಂತ ನಯವಾದದ್ದು. ಬೆಳಕು ಹರಿಯುವ ಮುನ್ನವೇ ಪಾಳಿಯ ಕೆಲಸಕ್ಕೆ ಹೊರಟ ದುಡಿಮೆಗಾರ, ಪಕ್ಕದ ಮನೆಯ ಕಿಟಕಿಯ ಪರದೆ ಮುಚ್ಚಿರುವುದನ್ನು ಕಾಣುತ್ತಾನೆ. ಒಳಗೆ ಸರ್ಕಾರದ ಭತ್ಯೆಯ ಮೇಲೆ ಬದುಕುವ ನೆರೆಯವನು ನಿದ್ದೆಯಲ್ಲಿದ್ದಾನೆ. ಆ ಪರದೆಯ ಹಿಂದೆ ರಾತ್ರಿಪಾಳಿ ಮುಗಿಸಿ ಬಂದವರು ಮಲಗಿರಬಹುದು, ಕಾಯಿಲೆಯವರು ಇರಬಹುದು. ಆ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ, ವೃದ್ಧರನ್ನು ಬಿಟ್ಟರೆ, ಬಡತನದಲ್ಲಿದ್ದವರ ಪೈಕಿ ಹೆಚ್ಚಿನವರು ಒಬ್ಬರಾದರೂ ದುಡಿಯುವ ಮನೆಗಳಿಗೇ ಸೇರಿದ್ದರು, ಅಂದರೆ ಭಾಷಣದ ದುಡಿಮೆಗಾರನೇ ಸ್ವತಃ ಬಡವನಾಗಿದ್ದ ಸಂಭವ ಸಾಕಷ್ಟಿತ್ತು. ಕತ್ತಲಲ್ಲಿ ಎದ್ದು ದುಡಿಯುವವನಿಗೆ ಸಂಬಳ ಸಾಲದಿದ್ದರೆ ಆ ಸಂಬಳ ನಿಗದಿ ಮಾಡಿದವರು ಯಾರು ಎಂದು ಕೇಳಬೇಕಾಗುತ್ತದೆ. ಪರದೆಯ ಕಥೆ ಅವನ ಕೋಪವನ್ನು ಪಕ್ಕದ ಮನೆಗೆ ತಿರುಗಿಸಿ ಆ ಪ್ರಶ್ನೆಯನ್ನು ತಪ್ಪಿಸುತ್ತದೆ.

ಇನ್ನು ‘ನಾನೂ ಬಡತನದಲ್ಲಿ ಬೆಳೆದವನು’ ಎಂಬ ಆತ್ಮಕಥನ. ನಿಜವಾಗಿ ಹಾಗೆ ಬೆಳೆದವರ ಬಗ್ಗೆ ನನಗೆ ಗೌರವವಿದೆ, ಆದರೂ ಈ ಸರಕು ಎಷ್ಟು ಸುಲಭವಾಗಿ ತಯಾರಾಗುತ್ತದೆ ಎಂಬುದಕ್ಕೆ 1840ರ ಅಮೆರಿಕದ ಚುನಾವಣೆ ಸಾಕು: ವರ್ಜೀನಿಯಾದ ಸಿರಿವಂತ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಮರದ ದಿಮ್ಮಿಯ ಗುಡಿಸಲಿನ ಮನುಷ್ಯನೆಂದು ಮೆರೆಸಿ ಗೆಲ್ಲಿಸಲಾಯಿತು.

ಭಾರತದ ಬಡವರು ಮತ ಹಾಕುವುದರಲ್ಲಿ ಉಳ್ಳವರಿಗಿಂತ ಹಿಂದೆ ಬಿದ್ದವರಲ್ಲ. ಹಾಗಾಗಿ ಇಲ್ಲಿ ಅವರನ್ನು ಬಹಿರಂಗವಾಗಿ ಹಳಿಯುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ; ಜಗಳವೇನಿದ್ದರೂ ಅವರಿಗೆ ಕೊಡುವುದು ಯಾರು ಎಂಬುದರ ಬಗ್ಗೆ. 2022ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಉಚಿತ ಕೊಡುಗೆಗಳನ್ನು ರೇವಡಿ (ಎಳ್ಳಿನ ಮಿಠಾಯಿ) ಹಂಚುವ ಸಂಸ್ಕೃತಿ ಎಂದು ಟೀಕಿಸಿದರು. 2023ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಚುನಾವಣಾ ಸಭೆಯಲ್ಲಿ, 80 ಕೋಟಿ ಜನರಿಗೆ ಉಚಿತ ಆಹಾರ ಧಾನ್ಯ ನೀಡುವ ಯೋಜನೆಯನ್ನು ಇನ್ನೂ 5 ವರ್ಷ ಮುಂದುವರಿಸುವುದಾಗಿ ಘೋಷಿಸಿದವರೂ ಅವರೇ. ನನ್ನ ಆಕ್ಷೇಪ ಧಾನ್ಯದ ಬಗ್ಗೆ ಅಲ್ಲ. ಹಸಿದವರಿಗೆ ಧಾನ್ಯ ಸಿಗಲೇಬೇಕು. ತಾವು ಕೊಟ್ಟರೆ ಕಲ್ಯಾಣ, ಎದುರಾಳಿ ಕೊಟ್ಟರೆ ಆಮಿಷ ಎಂಬ ವಾದ ಎಲ್ಲ ಪಕ್ಷಗಳ ಬಾಯಲ್ಲೂ ಇರುವಾಗ, ಇಷ್ಟು ಜನ ದುಡಿದೂ ಧಾನ್ಯ ಕೊಳ್ಳಲಾರದ ಸ್ಥಿತಿಯಲ್ಲಿ ಏಕಿದ್ದಾರೆ ಎಂಬ ಚರ್ಚೆಗೆ ಜಾಗವೇ ಉಳಿಯುವುದಿಲ್ಲ ಎಂಬುದು ನನ್ನ ಆಕ್ಷೇಪ.

ಇದಕ್ಕೆ 2024ರ ಲೋಕಸಭಾ ಚುನಾವಣೆ ಒಳ್ಳೆಯ ಉದಾಹರಣೆ. ರಾಷ್ಟ್ರಮಟ್ಟದ ಕನಿಷ್ಠ ಕೂಲಿಯನ್ನು 2017ರಲ್ಲಿ ದಿನಕ್ಕೆ 176 ರೂಪಾಯಿಗೆ ಏರಿಸಲಾಗಿತ್ತು. 2019ರಲ್ಲಿ ಅದಕ್ಕೆ ಸೇರಿದ್ದು 2 ರೂಪಾಯಿ. ಅದನ್ನು 400 ರೂಪಾಯಿ ಮಾಡುತ್ತೇವೆ ಎಂಬ ಭರವಸೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿತ್ತು. ಆದರೆ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದ್ದು, ಬಡ ಕುಟುಂಬದ ಮಹಿಳೆಯ ಖಾತೆಗೆ ವರ್ಷಕ್ಕೆ 1 ಲಕ್ಷ ರೂಪಾಯಿ ‘ಖಟಾಖಟ್’ ಎಂದು ಬಂದು ಬೀಳುತ್ತದೆ ಎಂಬ ರಾಹುಲ್ ಗಾಂಧಿಯವರ ಮಾತು. ಆಡಳಿತ ಪಕ್ಷ ಹಿಡಿದು ಹಂಗಿಸಿದ್ದೂ ಆ ಖಟಾಖಟ್ಟನ್ನೇ. ಕೂಲಿಯ ಪ್ರಶ್ನೆಗೆ ಕೂಲಿ ಕೊಡುವವರೂ ಉತ್ತರ ಹೇಳಬೇಕಾಗುತ್ತದೆ, ಖಾತೆಗೆ ಹಣ ಹಾಕುವ ಮಾತಿನಿಂದ ಅವರಿಗೆ ಯಾವ ಮುಜುಗರವೂ ಇಲ್ಲ. ಪ್ರಣಾಳಿಕೆಯ ಆ ಸಾಲನ್ನು ಬೆಳೆಸಲು ಬರೆದವರೂ ಉತ್ಸಾಹ ತೋರಲಿಲ್ಲ, ಖಂಡಿಸುವ ಅಗತ್ಯ ಎದುರಾಳಿಗಳಿಗೂ ಕಾಣಲಿಲ್ಲ.