ಬಾಗಿಲ ಪಕ್ಕ ಒಂದು ಗೆಜ್ಜೆಪಟ್ಟಿ: ಹೊರಗೆ ಹೋಗಬೇಕೆಂದು ಹೇಳಲು ನಾಯಿಗೆ ಕಲಿಸುವುದು

ನಾಯಿ ಮನೆಯೊಳಗೆ ಉಚ್ಚೆ ಮಾಡಿತು ಅಂದರೆ, ಬಹಳಷ್ಟು ಸಲ ಅದು ಮೊದಲೇ ಹೇಳಿರುತ್ತದೆ. ನಮಗೆ ಗೊತ್ತಾಗಿರುವುದಿಲ್ಲ ಅಷ್ಟೆ. ಆಡುತ್ತಿದ್ದದ್ದು ಆಟ ಬಿಟ್ಟು ನೆಲ ಮೂಸತೊಡಗುತ್ತದೆ, ಒಂದೇ ಜಾಗದಲ್ಲಿ ಸುತ್ತು ಹೊಡೆಯುತ್ತದೆ. ಬಾಗಿಲವರೆಗೆ ಹೋಗಿ, ನಮ್ಮ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಬಾಗಿಲಿನತ್ತ ಮುಖ ಮಾಡುತ್ತದೆ. ಕೆಲವು ನಾಯಿಗಳು ಸದ್ದಿಲ್ಲದೆ ಎದ್ದು ಪಕ್ಕದ ಕೋಣೆಗೆ ಹೋಗಿಬಿಡುತ್ತವೆ, ಅದೇ ಅವುಗಳ ಸೂಚನೆ. ನಾವು ಬೇರೆ ಕೋಣೆಯಲ್ಲೋ ಫೋನಿನಲ್ಲೋ ಇದ್ದರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಕಿವಿಗೆ ಕೇಳುವ ಸೂಚನೆಯೊಂದನ್ನು ಕಲಿಸುವುದು ಒಳ್ಳೆಯದು.

ಬೊಗಳುವುದನ್ನೇ ಸೂಚನೆ ಮಾಡಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ ಅನ್ನುತ್ತೇನೆ. ಬೊಗಳಿದರೆ ಬಾಗಿಲು ತೆರೆಯುತ್ತದೆ ಎಂದು ಕಲಿತ ನಾಯಿ, ಊಟ, ಚೆಂಡು, ಸೋಫಾ ಎಲ್ಲಕ್ಕೂ ಬೊಗಳಿ ನೋಡದೆ ಬಿಡುವುದಿಲ್ಲ. ಬಾಗಿಲು ಕೆರೆಯಲು ಬಿಟ್ಟರೆ ಬಾಗಿಲೂ ಹಾಳು, ಉಗುರೂ ಹಾಳು. ಬಾಗಿಲ ಮುಂದೆ ಸುಮ್ಮನೆ ಕೂರುವುದು ಚೆಂದ, ಆದರೆ ನೋಡುವವರು ಬೇಕು. ಬಾಗಿಲ ಪಕ್ಕ ತೂಗುಹಾಕಿದ ಗೆಜ್ಜೆಗೆ ಈ ತೊಂದರೆಗಳಿಲ್ಲ, ಮೂಗಿನಿಂದ ತಳ್ಳಿದರೆ ಸಾಕು.

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಗೆಜ್ಜೆಯಿಂದ ನಾಯಿಗೆ ಶೌಚದ ಅಭ್ಯಾಸ ಬರುವುದಿಲ್ಲ. ಹೊರಗೆ ಹೋಗಿಯೇ ಮಾಡಬೇಕೆಂಬುದು ಅದಕ್ಕೆ ಬಹುಮಟ್ಟಿಗೆ ಗೊತ್ತಾದ ಮೇಲೆ, 'ಈಗ ಹೋಗಬೇಕು' ಎಂದು ಹೇಳುವ ದಾರಿ ಮಾತ್ರ ಗೆಜ್ಜೆ. ಆ ಅಭ್ಯಾಸವಿನ್ನೂ ಆಗಿಲ್ಲದಿದ್ದರೆ ಮೊದಲು ಗಡಿಯಾರ ನೋಡಿಕೊಂಡು ಕರೆದೊಯ್ಯಿರಿ: ನಿದ್ದೆಯಿಂದ ಎದ್ದ ತಕ್ಷಣ, ಆಟ ಮುಗಿದ ಮೇಲೆ, ತಿಂದ 15ರಿಂದ 30 ನಿಮಿಷದೊಳಗೆ. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳು ಚಲಿಸತೊಡಗುವುದರಿಂದ ಊಟದ ನಂತರದ ಹೊತ್ತು ತಪ್ಪಿಸಲೇಬಾರದು. ಮರಿ ಎಷ್ಟು ಹೊತ್ತು ತಡೆದುಕೊಂಡೀತು ಎಂಬುದಕ್ಕೆ ಒಂದು ಒರಟು ಲೆಕ್ಕವಿದೆ: ವಯಸ್ಸಿನ ತಿಂಗಳುಗಳಿಗೆ ಒಂದು ಸೇರಿಸಿದಷ್ಟು ಗಂಟೆ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ 3 ಗಂಟೆ, ಅದೂ ಮಲಗಿದ್ದಾಗ. ಎಚ್ಚರವಿದ್ದು ಆಡುತ್ತಿದ್ದರೆ ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಬೇಕಾಗಬಹುದು. ಇಷ್ಟು ಚಿಕ್ಕ ಮರಿಗೂ ಗೆಜ್ಜೆ ಮುಟ್ಟುವುದನ್ನು ಕಲಿಸಬಹುದು, ಬೇಗ ಕಲಿಯುತ್ತದೆ ಕೂಡ. ಆದರೆ ಅದಕ್ಕೆ ಬಂತು ಅನ್ನಿಸುವುದಕ್ಕೂ ಆಗಿಯೇ ಬಿಡುವುದಕ್ಕೂ ನಡುವೆ ಬಾಗಿಲವರೆಗೆ ಓಡುವಷ್ಟು ಸಮಯವಿರುವುದಿಲ್ಲ. ಹಾಗಾಗಿ ನಾಲ್ಕು ತಿಂಗಳಾಗುವವರೆಗೆ ಗಡಿಯಾರವನ್ನೇ ನಂಬಿ.

ಸಾಮಾನು ಹೆಚ್ಚೇನಿಲ್ಲ. ಗಟ್ಟಿಯಾದ ನೈಲಾನ್ ಅಥವಾ ಹತ್ತಿಯ ಪಟ್ಟಿ, ಅದಕ್ಕೆ ಬೇರೆ ಬೇರೆ ಎತ್ತರದಲ್ಲಿ ಹೊಲಿದ ಮೂರು ಗೆಜ್ಜೆ. ಎಲ್ಲಕ್ಕಿಂತ ಕೆಳಗಿನದು ನಾಯಿ ನಿಂತಾಗ ಅದರ ಮೂಗಿನ ಮಟ್ಟಕ್ಕೆ ಬರಬೇಕು. ಮರಿಯಾದರೆ ಬೆಳೆದಂತೆ ಮೇಲಿನವು ಉಪಯೋಗಕ್ಕೆ ಬರುತ್ತವೆ. ಕಾಲಿಗೆ ಕಟ್ಟುವಂಥ ಚಿಕ್ಕ ಗೆಜ್ಜೆ ಬೇಡ, ಕಿತ್ತುಕೊಂಡರೆ ನುಂಗಿಬಿಡುತ್ತದೆ. ನಿಮ್ಮ ನಾಯಿಯ ಬಾಯಿಗೆ ಸುಲಭವಾಗಿ ಹಿಡಿಯದಷ್ಟು ದೊಡ್ಡದಿರಲಿ. ಗೆಜ್ಜೆಯ ಸೀಳಿನಲ್ಲಿ ಉಗುರು ಸಿಕ್ಕಿಕೊಳ್ಳುವುದೂ ಉಂಟು. ಪಂಜದಿಂದ ಹೊಡೆಯುವ ಚಾಳಿ ಇರುವ ನಾಯಿಗೆ ಸೀಳಿಲ್ಲದ, ಬಾಯಿ ತೆರೆದ ಗಂಟೆ ಒಳ್ಳೆಯದು. ಒತ್ತಿದರೆ ಸದ್ದು ಮಾಡುವ ವೈರ್‌ಲೆಸ್ ಬಟನ್ನುಗಳೂ ಸಿಗುತ್ತವೆ. ದೊಡ್ಡ ಮನೆಗೆ ಅವೇ ವಾಸಿ, ಸದ್ದು ಮಾಡುವ ಪೆಟ್ಟಿಗೆಯನ್ನು ನೀವಿರುವ ಕೋಣೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಅವುಗಳಲ್ಲಿ ಹಲವುದರೊಳಗೆ ಇರುವ ನಾಣ್ಯದಂಥ ಬ್ಯಾಟರಿ ಅಪಾಯಕಾರಿ. ಕಚ್ಚಿ ನುಂಗಿದರೆ ಅನ್ನನಾಳವನ್ನು ಸುಟ್ಟುಬಿಡುತ್ತದೆ, ಗಂಟೆಗಳ ಲೆಕ್ಕದಲ್ಲಲ್ಲ, ನಿಮಿಷಗಳಲ್ಲೇ ಹಾನಿ ಶುರು. ಕಚ್ಚುವ ವಯಸ್ಸಿನ ಮರಿಯಿರುವ ಮನೆಯಲ್ಲಿ ಬಟನ್ ಬೇಡವೇ ಬೇಡ.

ಪಟ್ಟಿಯನ್ನು ಎಲ್ಲಿ ತೂಗುಹಾಕುತ್ತೀರಿ ಎಂಬುದರಲ್ಲಿ ಅರ್ಧ ಕೆಲಸ ಕೆಡುತ್ತದೆ. ಬಹುತೇಕರು ಬಾಗಿಲ ಹಿಡಿಕೆಗೇ ಸಿಕ್ಕಿಸುತ್ತಾರೆ. ಆಗ ಮನೆಯವರು ಬಂದಾಗ, ಹೋದಾಗ, ಗಾಳಿಗೆ ಬಾಗಿಲು ಅಲುಗಾಡಿದಾಗಲೂ ಗೆಜ್ಜೆ ಸದ್ದಾಗುತ್ತದೆ. ದಿನಕ್ಕೆ ಹತ್ತಾರು ಸಲ ಸದ್ದಾಗಿ ನಾಯಿ ಹೊರಗೆ ಹೋಗದಿದ್ದರೆ ಆ ಸದ್ದಿಗೆ ಅರ್ಥವೇ ಉಳಿಯುವುದಿಲ್ಲ. ಬಾಗಿಲ ಚೌಕಟ್ಟಿನ ಪಕ್ಕ, ಹಿಡಿಕೆ ಇರುವ ಕಡೆಯ ಗೋಡೆಗೆ ಕೊಕ್ಕೆ ಹೊಡೆದು ಅದಕ್ಕೆ ಹಾಕಿ. ನಾಯಿ ಮುಟ್ಟಿದರೆ ಮಾತ್ರ ಸದ್ದಾಗಬೇಕು.

ಇನ್ನು ಕಲಿಸುವುದು. ಇದು ಬಾಗಿಲಿನಿಂದ ದೂರ, ನಿಮ್ಮ ಕೈಯಲ್ಲಿ ಶುರುವಾಗುತ್ತದೆ. ಬಟಾಣಿ ಕಾಳಿನಷ್ಟು ಚಿಕ್ಕ, ಮೆತ್ತಗಿನ ಟ್ರೀಟ್ ಹತ್ತು ತುಂಡು ತೆಗೆದುಕೊಳ್ಳಿ. ಪಟ್ಟಿಯನ್ನು ನಾಯಿಯ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ, ಮುಖಕ್ಕೆ ನೇರವಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ಹೊಸ ವಸ್ತು ಏನೆಂದು ನೋಡಲು ಅದು ಕತ್ತು ಚಾಚುತ್ತದೆ. ಮೂಗು ತಾಗಿದ ಕ್ಷಣವೇ 'ಯೆಸ್' ಎಂಬಂಥ ಒಂದು ಚಿಕ್ಕ ಪದ ಹೇಳಿ, ಆಮೇಲೆ ಟ್ರೀಟ್ ಕೊಡಿ. ಕ್ಲಿಕರ್ (ಒತ್ತಿದರೆ 'ಕ್ಲಿಕ್' ಎನ್ನುವ ಚಿಕ್ಕ ತರಬೇತಿ ಸಾಧನ) ಇದ್ದರೆ ಪದದ ಬದಲು ಕ್ಲಿಕ್. ಎರಡು ಸೆಕೆಂಡ್ ತಡವಾದರೆ ಅಷ್ಟರಲ್ಲಿ ನಾಯಿ ಮೂಗು ತೆಗೆದು ನಿಮ್ಮ ಕಿಸೆ ನೋಡುತ್ತಿರುತ್ತದೆ, ಕಿಸೆ ನೋಡಿದ್ದಕ್ಕೇ ಬಹುಮಾನ ಬಂತು ಎಂದುಕೊಳ್ಳುತ್ತದೆ. ಪಟ್ಟಿಯನ್ನು ಬೆನ್ನ ಹಿಂದೆ ಸರಿಸಿ, ಮತ್ತೆ ಮುಂದೆ ತನ್ನಿ. ಎರಡು-ಮೂರು ನಿಮಿಷ ಸಾಕು, ದಿನಕ್ಕೆ ಎರಡು-ಮೂರು ಸಲ. ಮೊದಮೊದಲು ಬರೀ ತಾಗಿದರೂ ಸರಿ. ಆಮೇಲೆ ಸದ್ದಾದರೆ ಮಾತ್ರ ಟ್ರೀಟ್. ಹತ್ತರಲ್ಲಿ ಎಂಟು ಸಲ ತಾನಾಗಿ ತಳ್ಳಿ ಸದ್ದು ಮಾಡಿದರೆ ಮುಂದಿನ ಹಂತಕ್ಕೆ ಹೋಗಬಹುದು.

ಪಂಜ ಹಿಡಿದು ಗೆಜ್ಜೆಗೆ ಬಡಿಸುವುದನ್ನು ದಯವಿಟ್ಟು ಮಾಡಬೇಡಿ. ಸದ್ದು ಮಾಡಿದ್ದು ನೀವು, ನಾಯಿಯಲ್ಲ. ಅದು ಕಲಿಯುವುದೆಂದರೆ ಬಾಗಿಲ ಹತ್ತಿರ ಹೋದರೆ ಯಾರೋ ಕಾಲು ಹಿಡಿಯುತ್ತಾರೆ ಎಂಬುದನ್ನು. ಗೆಜ್ಜೆಗೆ ಬೆಣ್ಣೆಯಂಥದ್ದು ಸವರಿ ನೆಕ್ಕಿಸುವ ಉಪಾಯವೂ ಹಾಗೆಯೇ. ಆಗ ಗೆಜ್ಜೆ ತಿಂಡಿಯ ವಸ್ತುವಾಗುತ್ತದೆ, ನಾಯಿ ಅದನ್ನು ಕಚ್ಚಲು ಶುರುಮಾಡುತ್ತದೆ.

ಸದ್ದಿಗೇ ಬೆಚ್ಚಿ ಹಿಂದೆ ಸರಿಯುವ ನಾಯಿಗಳಿಗೆ ಗೆಜ್ಜೆಯ ಮೇಲೆ ಟೇಪ್ ಸುತ್ತಿ ಅಥವಾ ಕಾಲುಚೀಲದೊಳಗೆ ಹಾಕಿ ಸದ್ದಡಗಿಸಿ. ಧೈರ್ಯವಾಗಿ ಮುಟ್ಟತೊಡಗಿದ ಮೇಲೆ ಒಂದೊಂದೇ ಪದರ ತೆಗೆಯುತ್ತಾ ಬನ್ನಿ. ಅವಸರಪಟ್ಟರೆ ಬಾಗಿಲನ್ನು ಕಂಡರೇ ಹೆದರುವಂತಾಗುತ್ತದೆ.

ಈಗ ಪಟ್ಟಿಯನ್ನು ಕೊಕ್ಕೆಗೆ ಹಾಕಿ ಅದೇ ಆಟವನ್ನು ಅಲ್ಲಿ ಆಡಿಸಿ. ಕೈಯಲ್ಲಿದ್ದಾಗ ಚೆನ್ನಾಗಿ ಮುಟ್ಟುತ್ತಿದ್ದದ್ದು ಗೋಡೆಯಲ್ಲಿದ್ದಾಗ ಪರಿಚಯವೇ ಇಲ್ಲದಂತೆ ನಿಲ್ಲುವುದು ಸಹಜ. ಒಂದೆರಡು ಸಲ ಬೆರಳಿಂದ ತೋರಿಸಿ. ಇಲ್ಲಿ ಹತ್ತಿಪ್ಪತ್ತು ಸಲ ಸರಿಯಾಗಿ ಆದ ಮೇಲೆ ಒಂದು ಮುಖ್ಯ ಬದಲಾವಣೆ ಆಗಬೇಕು: ಗೆಜ್ಜೆ ಮುಟ್ಟಿದ್ದಕ್ಕೆ ತಿಂಡಿ ನಿಲ್ಲಿಸಿ. ಇನ್ನು ಮೇಲೆ ಗೆಜ್ಜೆಗೆ ಸಿಗುವ ಉತ್ತರ ಬಾಗಿಲು ತೆರೆಯುವುದು, ತಿಂಡಿ ಸಿಗುವುದು ಹೊರಗೆ ಕೆಲಸ ಮುಗಿಸಿದ ಮೇಲೆ. ಇದನ್ನು ಮರೆತ ಮನೆಗಳಲ್ಲಿ ನಾಯಿ ದಿನವಿಡೀ ತಿಂಡಿಗಾಗಿ ಗೆಜ್ಜೆ ಅಲ್ಲಾಡಿಸುತ್ತಿರುತ್ತದೆ.

ಹೊರಗೆ ಕರೆದೊಯ್ಯುವ ಪ್ರತಿಸಲವೂ ಬೆಲ್ಟ್ ಹಾಕಿ ಬಾಗಿಲ ಬಳಿ ನಿಲ್ಲಿ, ನಾಯಿ ಗೆಜ್ಜೆ ಮುಟ್ಟಲಿ, ತಕ್ಷಣ ಬಾಗಿಲು ತೆರೆಯಲಿ. ಪ್ರತಿಸಲವೂ ಒಂದೇ ಜಾಗಕ್ಕೆ ಹೋಗಿ. ಅಲ್ಲಿ ಸುಮ್ಮನೆ ನಿಲ್ಲಿ, ಮಾತಾಡಿಸಬೇಡಿ. ಪೂರ್ತಿ ಮುಗಿಸಿದ ಮೂರು ಸೆಕೆಂಡಿನೊಳಗೆ ಅಲ್ಲೇ ಟ್ರೀಟ್ ಕೊಡಿ. ಮಧ್ಯದಲ್ಲೇ ಹೊಗಳಲು ಶುರುಮಾಡಿದರೆ ಅರ್ಧಕ್ಕೆ ನಿಲ್ಲಿಸಿ ನಿಮ್ಮ ಬಳಿ ಓಡಿ ಬರುತ್ತದೆ, ಉಳಿದರ್ಧ ಒಳಗೆ ಬಂದ ಮೇಲೆ ಆಗುತ್ತದೆ. ಮನೆಗೆ ಮರಳಿದ ಮೇಲೆ ಟ್ರೀಟ್ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ಕೆಲಸ ಆದೊಡನೆ ಒಳಗೆ ಎಳೆದುಕೊಂಡು ಬರುವುದೂ ತಪ್ಪು. ಮುಗಿಸಿದರೆ ಸುತ್ತಾಟ ಮುಗಿಯಿತು ಎಂದು ತಿಳಿದ ನಾಯಿ ಬೇಕೆಂದೇ ತಡಮಾಡುತ್ತದೆ. ಐದು ನಿಮಿಷ ತಿರುಗಾಡಿಸಿ.

ಒಂದೆರಡು ವಾರದಲ್ಲಿ ಬೆರಳು ತೋರಿಸುವುದನ್ನು ಬಿಡಬೇಕು, ಇಲ್ಲದಿದ್ದರೆ ನೀವು ತೋರಿಸುವವರೆಗೆ ಕಾಯುವುದನ್ನೇ ಅದು ಕಲಿಯುತ್ತದೆ. ಬಾಗಿಲ ಬಳಿ ನಿಂತು, ಏನೂ ಹೇಳದೆ, ಐದು ಸೆಕೆಂಡ್ ಕಾಯಿರಿ, ಆಮೇಲೆ ಹತ್ತು. ನಾಯಿ ಬಾಗಿಲು ನೋಡುತ್ತದೆ, ನಿಮ್ಮನ್ನು ನೋಡುತ್ತದೆ, ಕೊನೆಗೆ ಗೆಜ್ಜೆ ನೋಡುತ್ತದೆ. ಆ ಮೂರನೆಯ ನೋಟ ಕಂಡರೆ ಬಾಯಿ ಮುಚ್ಚಿಕೊಂಡು ಇನ್ನೊಂದು ಕ್ಷಣ ಕಾಯಿರಿ, ಮೂಗು ಅತ್ತ ಹೋಗುತ್ತದೆ. ಆದರೆ ತಡೆಯಲಾರದೆ ಒದ್ದಾಡುತ್ತಿರುವ ನಾಯಿಗೆ ಈ ಪರೀಕ್ಷೆ ಬೇಡ, ನೇರ ಹೊರಗೆ ಕರೆದೊಯ್ಯಿರಿ.

ನೀವು ಎಲ್ಲೋ ಕೂತಿದ್ದಾಗ ನಾಯಿ ತಾನಾಗಿ ಹೋಗಿ ಗೆಜ್ಜೆ ಬಾರಿಸುವ ದಿನ ಬರುತ್ತದೆ. ಅಲ್ಲಿಂದ ಮುಂದಿನ ಎರಡು-ಮೂರು ವಾರ ನಾಯಿಗಿಂತ ಮನೆಯವರಿಗೇ ಪಾಠ. ಪ್ರತಿ ಸದ್ದಿಗೂ ಯಾರಾದರೂ ಏಳಲೇಬೇಕು. ಊಟದ ಮಧ್ಯೆ ಇರಲಿ, ಮಳೆ ಬರುತ್ತಿರಲಿ, ಈಗಷ್ಟೇ ಬಂದಿರಲಿ. ಬಾರಿಸಿದರೂ ಯಾರೂ ಬರಲಿಲ್ಲ ಎಂಬುದು ಕೆಲವೇ ಸಲ ಆದರೂ ನಾಯಿ ಬಾರಿಸುವುದನ್ನು ಬಿಟ್ಟು ಹಳೆಯ ಮೂಲೆಗೆ ಹೋಗುತ್ತದೆ. ಆಗ 'ನಮ್ಮ ನಾಯಿ ಕಲಿಯಲೇ ಇಲ್ಲ' ಎನ್ನುವುದು ಅನ್ಯಾಯ. ಗೆಜ್ಜೆ ಕೇಳಿದರೆ ಏಳುವವರು ಯಾರು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಎಲ್ಲರೂ ಇನ್ನೊಬ್ಬರು ಏಳುತ್ತಾರೆಂದು ಕೂತರೆ ಯಾರೂ ಏಳುವುದಿಲ್ಲ.

ಹಾಗಾದರೆ ಬರೀ ಆಟಕ್ಕೆ ಬಾರಿಸಿದರೆ? ಬಾರಿಸಿಯೇ ಬಾರಿಸುತ್ತದೆ, ಬುದ್ಧಿವಂತ ನಾಯಿಗಳಂತೂ ಖಂಡಿತ. ಅದನ್ನು ಗದರಿಸಿ ಸರಿಪಡಿಸಲಾಗದು. ಗೆಜ್ಜೆಗೆ ಸಿಗುವ ಹೊರಗನ್ನು ನೀರಸ ಮಾಡಬೇಕು. ಬೆಲ್ಟ್ ಹಾಕಿ, ಅದೇ ಜಾಗಕ್ಕೆ ಕರೆದೊಯ್ದು, ಮೂರರಿಂದ ಐದು ನಿಮಿಷ ಕಂಬದಂತೆ ನಿಲ್ಲಿ. ಮಾಡಿದರೆ ಟ್ರೀಟ್, ತಿರುಗಾಟ. ಮಾಡದಿದ್ದರೆ ಮಾತಿಲ್ಲದೆ ಒಳಗೆ. ಆಟದ ಹೊತ್ತನ್ನು ನೀವೇ, ಗೆಜ್ಜೆಯಿಲ್ಲದೆ, ಬೇರೆ ಪದ ಹೇಳಿ ಶುರುಮಾಡಿ. ಹಾಗೆಯೇ ನಾಯಿಗೆ ದಿನದಲ್ಲಿ ಸಾಕಷ್ಟು ಓಡಾಟ ಸಿಗುತ್ತಿದೆಯೇ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಬೇಸರ ಬಂದ ನಾಯಿಯ ಬೇಡಿಕೆಯೂ ನಿಜವಾದ ಬೇಡಿಕೆಯೇ.

ನಡುವೆ ಒಳಗೆ ಆಗಿಬಿಟ್ಟರೆ ಬೈಯಬೇಡಿ, ಮೂತಿ ಹಿಡಿದು ತೋರಿಸಬೇಡಿ. ಬೈಸಿಕೊಂಡ ನಾಯಿ ನಿಮ್ಮ ಎದುರು ಮಾಡಬಾರದು ಎಂದಷ್ಟೇ ಕಲಿಯುತ್ತದೆ. ಸೋಫಾದ ಹಿಂದೆ ಹೋಗಿ ಮಾಡುತ್ತದೆ, ಹೊರಗೂ ನಿಮ್ಮ ಮುಂದೆ ಮಾಡಲು ಹಿಂಜರಿಯುತ್ತದೆ. ಆ ಜಾಗವನ್ನು ಎನ್‌ಜೈಮ್ ಇರುವ ಕ್ಲೀನರ್‌ನಿಂದ ಒರೆಸಿ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಉಚ್ಚೆಯ ವಾಸನೆಗೆ ಹತ್ತಿರವಾಗಿರುವುದರಿಂದ ನಾಯಿ ಮತ್ತೆ ಅಲ್ಲಿಗೇ ಬರುತ್ತದೆ.

ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ಪದೇಪದೇ ಗೆಜ್ಜೆ ಬಾರಿಸತೊಡಗಿದರೆ, ಹೊರಗೆ ಹೋಗಿ ಹನಿಹನಿಯಾಗಿ ಮಾಡಿದರೆ, ತಿಣುಕಿದರೆ, ರಕ್ತದ ಬಣ್ಣ ಕಂಡರೆ ಅದು ಹಟವಲ್ಲ. ಮೂತ್ರನಾಳದ ಸೋಂಕು ಇರಬಹುದು. ನೀರು ಕುಡಿಯುವುದೂ ಹೆಚ್ಚಾಗಿದ್ದರೆ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರಬಹುದು. ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದರೂ ಹೀಗಾಗುತ್ತದೆ. ಪಶುವೈದ್ಯರಿಗೆ ತೋರಿಸಿ, ಸಾಧ್ಯವಾದರೆ ಆ ದಿನದ ಮೂತ್ರದ ಮಾದರಿಯನ್ನೂ ಶುದ್ಧ ಡಬ್ಬಿಯಲ್ಲಿ ಒಯ್ಯಿರಿ. ಎಷ್ಟು ಪ್ರಯತ್ನಿಸಿದರೂ ಒಂದು ಹನಿಯೂ ಬಾರದಿದ್ದರೆ, ಅದರಲ್ಲೂ ಗಂಡು ನಾಯಿಯಾದರೆ, ಮೂತ್ರದ ದಾರಿ ಕಟ್ಟಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.