ಮರದ 9 ಸಂಖ್ಯೆಗಳು

ಕಟ್ಟಡದ ಭಾಗಗಳು ಭಾರಕ್ಕೆ ಹೇಗೆ ಬಾಗುತ್ತವೆ ಅಂತ ಲೆಕ್ಕ ಹಾಕುವ ಅಬಾಕಸ್ (Abaqus) ಸಾಫ್ಟ್‌ವೇರ್‌ನಲ್ಲಿ ಮರದ ಚಾವಣಿಯೊಂದರ ಮಾಡೆಲ್ ಮಾಡುತ್ತಿದ್ದೇನೆ. ಸ್ಟೀಲ್ ಆದರೆ ಯಂಗ್ಸ್ ಮಾಡ್ಯುಲಸ್ (ಎಳೆದರೆ ಎಷ್ಟು ಬಿಗಿ), ಪಾಯ್ಸನ್ ಅನುಪಾತ (ಎಳೆದರೆ ಅಡ್ಡಕ್ಕೆ ಎಷ್ಟು ಸಣ್ಣಗಾಗುತ್ತದೆ), ಎರಡೇ ಸಂಖ್ಯೆ ಸಾಕು. ಮರಕ್ಕೆ 9 ಬೇಕು: ಎಳೆಯ ಉದ್ದಕ್ಕೆ, ತಿರುಳಿನಿಂದ ತೊಗಟೆಯ ಕಡೆಗೆ, ಉಂಗುರದ ಗುಂಟ, ಹೀಗೆ ಮೂರು ದಿಕ್ಕಿಗೆ ಮೂರು ಮಾಡ್ಯುಲಸ್. ಜೊತೆಗೆ ಮೂರು ಶಿಯರ್ ಮಾಡ್ಯುಲಸ್ (ಓರೆಯಾಗಿ ಜಾರಿಸಿದರೆ ಎಷ್ಟು ಬಿಗಿ), ಮೂರು ಪಾಯ್ಸನ್ ಅನುಪಾತ. ಎಳೆಯ ಉದ್ದಕ್ಕೆ ಇರುವ ಬಿಗಿತ ಅಡ್ಡಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಇರುವುದು ಸಾಮಾನ್ಯ. ಗಾಳಿಗೆ ಬಾಗುತ್ತಾ, ತನ್ನ ಭಾರ ತಾನೇ ಹೊತ್ತು ನಿಂತ ಮರ ಅಲ್ವಾ, ಬೇಕಾದ ಕಡೆಗೇ ಗಟ್ಟಿಯಾಗಿದೆ!

ಸುಮ್ನೆ ಸಂಖ್ಯೆ ತುಂಬಿದರೆ ಸಾಲದು. 1ನೇ ದಿಕ್ಕು, ಅಂದರೆ ಎಳೆಯ ಉದ್ದ, ಯಾವ ಕಡೆ ಅಂತ ಓರಿಯೆಂಟೇಶನ್ ಎಂಬ ದಿಕ್ಕಿನ ಸೆಟ್ಟಿಂಗ್‌ನಲ್ಲಿ ಹೇಳಲೇಬೇಕು. ಅದಿಲ್ಲದೆ ಅಬಾಕಸ್ ಮುಂದೆ ಹೋಗುವುದಿಲ್ಲ. ಈ ಹಟ ನನಗೆ ತುಂಬಾ ಇಷ್ಟ. ಆದರೆ ತಪ್ಪು ದಿಕ್ಕು ಕೊಟ್ಟರೆ ಅದು ತಡೆಯುವುದಿಲ್ಲ. ಓರೆ ತೊಲೆಗಳ ಅಕ್ಷಗಳನ್ನು ನಾವೇ ಒಂದೊಂದಾಗಿ ಕಣ್ಣಿಟ್ಟು ನೋಡಬೇಕು.