ಅರಿಸಿನ ಹಚ್ಚಿದ್ದು ಯಾರು?

ಕೋಸ್ಟರಿಕಾದ ನಮ್ಮ ಮನೆ ಜಗಲಿಯಲ್ಲಿ ಹಮ್ಮಿಂಗ್‌ಬರ್ಡ್‌ಗೆ ಅಂತ ಸಕ್ಕರೆ ನೀರಿನ ಬಾಟ್ಲಿ ತೂಗುಹಾಕಿದ್ದೇನೆ. ವಾರದಿಂದ ಬೆಳಗಾಗುವಷ್ಟರಲ್ಲಿ ಖಾಲಿ. ಕುಡಿಯುತ್ತಿರುವುದು ಬಾವಲಿ ಅಂತ ಗೊತ್ತಾದ ಮೇಲೆ ಸಂಜೆಗೇ ಒಳಗೆ ತಂದಿಡತೊಡಗಿದೆ. ಪಕ್ಕದ ಮನೆಯ ಎಂಬತ್ತರ ಅಜ್ಜಿ ಬೇಲಿಯಾಚೆಯಿಂದಲೇ ಕೇಳಿದರು: "ಯಾಕೆ ಮಗಳೇ, ರಾತ್ರಿ ಬರೋರಿಗೆ ಬಾಯಾರಿಕೆ ಆಗಲ್ವಾ?" ನಾಚಿಕೆಯಾಯಿತು.

ಅವರ ಮೊಮ್ಮಗ ಬಾವಲಿಗಳ ಮೇಲೇ ಸಂಶೋಧನೆ ಮಾಡುತ್ತಿರುವ ಹುಡುಗ. ಶನಿವಾರ ರಾತ್ರಿ ಬಲೆ ಕಟ್ಟಿ ಒಂದನ್ನು ಹಿಡಿದ. ಕೈಗವಸಿನ ಮುಷ್ಟಿಯಿಂದ ಮುಖವಷ್ಟೇ ಹೊರಗೆ. ಹತ್ತು ಗ್ರಾಂ ಕೂಡ ತೂಗದ ಜೀವ. ಕೆಳದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ನಾಲಗೆ ಓಡಾಡಲು ಅದೇ ದಾರಿ. ಸಕ್ಕರೆ ನೀರಿನ ಹನಿ ಹಿಡಿದಾಗ ಆ ನಾಲಗೆ ಬಂತು ನೋಡಿ, ಉದ್ದಕ್ಕೆ, ತುದಿಯಲ್ಲಿ ಕುಂಚದಂಥ ಕೂದಲು!

ಹೈಲೋನಿಕ್ಟೆರಿಸ್ ಅಂಡರ್‌ವುಡೈ ಅಂತ ಹೆಸರು. ಮೆಕ್ಸಿಕೋದಿಂದ ಪನಾಮಾವರೆಗಿನ ಕಾಡುಗಳಲ್ಲಿದ್ದರೂ ಬಲ್ಲವರು ಕಡಿಮೆ. 1903ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಹೆಸರಿಟ್ಟರು. ಮೊದಲ ಮಾದರಿ ಸಿಕ್ಕಿದ್ದು ಇಲ್ಲೇ, ಸಾನ್ ಹೊಸೆಯ ರಾಂಚೊ ರೆದೊಂದೊದಲ್ಲಿ. 1913ರಲ್ಲಿ ನಮ್ಮ ಬೆಳಗಾವಿ ಕಾಡಿನ ಬಾರಾಪೇಡೆ ಗುಹೆಯ ಬಾವಲಿಗೆ ಹೆಸರಿಟ್ಟವರೂ ಅವರೇ. ಇದನ್ನು ಹೇಳಿದಾಗ ಹುಡುಗನ ಕಣ್ಣರಳಿತು. ನನಗೂ ಹೆಮ್ಮೆ.

ಅಷ್ಟರಲ್ಲಿ ಆರು ವರ್ಷದ ಮಗಳು ಬಗ್ಗಿ ನೋಡಿ, "ಅಮ್ಮಾ, ಇದರ ಮುಖಕ್ಕೆ ಅರಿಸಿನ ಹಚ್ಚಿದ್ದು ಯಾರು?" ಅಂದಳು.

ಪರಾಗ. ಮೂತಿ, ಹಣೆಗೆಲ್ಲ ಮೆತ್ತಿಕೊಂಡಿತ್ತು. ಹುಡುಗ ಮುಷ್ಟಿ ಬಿಚ್ಚಿದ, ಬಾವಲಿ ಹಾರಿತು. ನಾನು ಅಲ್ಲೇ ನಿಂತುಬಿಟ್ಟೆ.

ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆ. ಹಿತ್ತಲ ಬಾಳೆಮೂತಿಗೂ ಬೂರುಗದ ಹೂವಿಗೂ ಕತ್ತಲಾದ ಮೇಲೆ ಬಾವಲಿಗಳು ಬರುತ್ತಿದ್ದವು. ಒಂದು ದಿನ ಒಂದು ಬಾವಲಿ ದಾರಿ ತಪ್ಪಿ ಅಡುಗೆಮನೆ ಹೊಕ್ಕಿತು. ಬಾವಲಿ ಮನೆಯೊಳಗೆ ಬಂದರೆ ಕೆಡುಕು ಅಂತ ಮಾವ ಪೊರಕೆ ತಗೊಂಡು ಬಡಿದ. ಮಾವನನ್ನಷ್ಟೇ ದೂರಿ ಏನು ಬಂತು? 1972ರ ವನ್ಯಜೀವಿ ಕಾಯ್ದೆಯೇ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆಯ ಪಟ್ಟಿಯಲ್ಲಿಟ್ಟಿತ್ತು.

ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಅದರ ಮೂತಿಗೂ ಹೀಗೇ ಹಳದಿ. ಅಜ್ಜಿಯ ಅರಿಸಿನದ ಡಬ್ಬಿಗೆ ಬಾಯಿ ಹಾಕಿರಬೇಕು ಅಂದುಕೊಂಡು ಒಳಗೆ ಓಡಿ ನೋಡಿದ್ದೆ. ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು.